ಗುಳಿಗೆ ನುಂಗಿದ ಮೇಲೆ

ನಿಮ್ಮ ಮನೆಯಲ್ಲಿಯೂ ಇಂಥದೊಂದು ಡಬ್ಬಿ ಇದ್ದೀತು. ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ; ಅದರೊಳಗೆ ಅರ್ಧ ಖಾಲಿಯಾದ ಗುಳಿಗೆಯ ಪಟ್ಟಿಗಳು, ಮುಚ್ಚಳ ಅಂಟಿಕೊಂಡ ಕೆಮ್ಮಿನ ಔಷಧದ ಸೀಸೆ, ರಬ್ಬರು ಸುತ್ತಿಟ್ಟ ಡಾಕ್ಟರರ ಚೀಟಿಗಳು. ಬೆಳಗಿನ ವಾರ್ತೆ ಮುಗಿಯುವ ಹೊತ್ತಿಗೆ ಮನೆಯ ಹಿರಿಯರು ಆ ಡಬ್ಬಿಯನ್ನು ಮುಂದಕ್ಕೆಳೆದುಕೊಂಡು, ಇದು ಬಿ.ಪಿ.ಯದು, ಇದು ಸಕ್ಕರೆ ಕಾಯಿಲೆಯದು, ಇದು ಊಟಕ್ಕೆ ಮುಂಚೆ, ಇದು ಆಮೇಲೆ, ಎಂದು ಎಣಿಸಿ ನುಂಗುತ್ತಾರೆ. ನುಂಗಿದ ಮೇಲೆ ಆ ಗುಳಿಗೆಯ ವಿಚಾರ ಮುಗಿಯಿತೆಂದೇ ನಮ್ಮೆಲ್ಲರ ಭಾವನೆ. ಡಾಕ್ಟರರು ಬರೆದರು, ಅಂಗಡಿಯವರು ಕೊಟ್ಟರು, ನಾವು ನುಂಗಿದೆವು. ಸರ್ಕಾರದವರು ಪರೀಕ್ಷೆ ಮಾಡಿಸಿಯೇ ಮಾರಾಟಕ್ಕೆ ಅಪ್ಪಣೆ ಕೊಟ್ಟಿರುತ್ತಾರೆ. ಇನ್ನೇನು ಉಳಿಯಿತು?

ಔಷಧದ ಪರೀಕ್ಷೆಯ ಒಂದು ದೊಡ್ಡ ಭಾಗ ಆರಂಭವಾಗುವುದೇ ಅಲ್ಲಿಂದ, ಅದೂ ನಮ್ಮ ನಿಮ್ಮ ಮನೆಗಳಲ್ಲಿ, ಎಂದರೆ ಕೆಲವರಿಗೆ ಗಾಬರಿಯಾದೀತು. ಗಾಬರಿ ಬೇಡ. ಈ ಮಾತಿನ ಅರ್ಥವೇನು, ಮದ್ದಿನಿಂದ ಬರುವ ತೊಂದರೆಗಳನ್ನು ಸರ್ಕಾರಗಳು ಹೇಗೆ ಪತ್ತೆ ಮಾಡುತ್ತವೆ, ಅದರಲ್ಲಿ ಮನೆಯವರಾದ ನಮ್ಮ ಪಾಲೇನು ಎಂಬುದನ್ನು ಸ್ವಲ್ಪ ಸಾವಕಾಶವಾಗಿ ನೋಡೋಣ.

ಮೊದಲು ನಮ್ಮ ಸೋದರತ್ತೆಯ ಕೆಮ್ಮಿನ ಕಥೆ. ಅತ್ತೆ ಎಪ್ಪತ್ತು ದಾಟಿದವರು. ರಕ್ತದ ಒತ್ತಡಕ್ಕೆ ಹೊಸ ಗುಳಿಗೆ ಶುರುವಾಗಿ ಎರಡು ಮೂರು ವಾರಕ್ಕೆ ಒಣ ಕೆಮ್ಮು ಹಿಡಿಯಿತು. ಕಫವಿಲ್ಲ, ಜ್ವರವಿಲ್ಲ, ರಾತ್ರಿ ಮಲಗಿದರೆ ಗಂಟಲಲ್ಲಿ ಇರುವೆ ಹರಿದಂತಾಗುತ್ತದೆ ಎನ್ನುತ್ತಿದ್ದರು. ಮೆಣಸು ಶುಂಠಿಯ ಕಷಾಯ ಆಯಿತು, ಜೇನುತುಪ್ಪ ಆಯಿತು, ಮೂರು ಸೀಸೆ ಕೆಮ್ಮಿನ ಔಷಧವೂ ಆಯಿತು. ಎದೆಯ ಎಕ್ಸ್‌ರೇ ತೆಗೆಸಿದೆವು; ಏನೂ ಕಾಣಲಿಲ್ಲ. ಮೊಸರು ಬಿಡಿಸಿದೆವು, ಬಾಳೆಹಣ್ಣು ಬಿಡಿಸಿದೆವು, ಕೊನೆಗೆ ಬೀದಿಯ ಧೂಳನ್ನು ಬೈದೆವು. ಐದು ತಿಂಗಳ ಮೇಲೆ, ಅವರ ಮಂಡಿನೋವಿಗೆಂದು ನೋಡಿದ ಒಬ್ಬ ಎಳೆಯ ವಯಸ್ಸಿನ ಡಾಕ್ಟರಮ್ಮ ಆ ಕೆಮ್ಮನ್ನು ಕೇಳಿ, "ಅಜ್ಜಿ, ನೀವು ನುಂಗುವ ಮಾತ್ರೆಗಳನ್ನೆಲ್ಲ ಒಂದು ಸಲ ತಂದು ತೋರಿಸಿ" ಎಂದರು. ನಾವು ಡಬ್ಬಿಯನ್ನೇ ಒಯ್ದು ಮುಂದಿಟ್ಟೆವು. ಅವರು ಒಂದು ಪಟ್ಟಿಯನ್ನು ಬೆಳಕಿಗೆ ಹಿಡಿದು ಹೆಸರು ಓದಿದರು: ಎನಲಾಪ್ರಿಲ್. "ಬರೆದುಕೊಟ್ಟ ಡಾಕ್ಟರಿಗೆ ಹೇಳಿ ಇದೊಂದನ್ನು ಬದಲಾಯಿಸಿಕೊಳ್ಳಿ" ಎಂದರು. ಬದಲಾಯಿಸಿದ ಮೂರನೆಯ ವಾರಕ್ಕೆ ಅತ್ತೆ ರಾತ್ರಿಯಿಡೀ ನಿದ್ದೆ ಮಾಡಿದರು.

ಎನಲಾಪ್ರಿಲ್ ಕೆಟ್ಟ ಔಷಧವೆಂದು ದಯವಿಟ್ಟು ತಿಳಿಯಬೇಡಿ. ಹೆಸರಿನ ಕೊನೆಗೆ 'ಪ್ರಿಲ್' ಎಂದು ಬರುವ ಈ ವಂಶದ ಗುಳಿಗೆಗಳು ಎಷ್ಟೋ ಜನರ ಹೃದಯವನ್ನೂ ಮೂತ್ರಪಿಂಡವನ್ನೂ ಕಾಪಾಡಿವೆ. ವಂಶದ ಮೂಲಪುರುಷನಾದ ಕ್ಯಾಪ್ಟೊಪ್ರಿಲ್ ಹುಟ್ಟಿದ್ದು ಬ್ರೆಜಿಲ್ ದೇಶದ ಒಂದು ವಿಷದ ಹಾವಿನ ನಂಜನ್ನು ಅಭ್ಯಾಸ ಮಾಡಿದ್ದರಿಂದ ಎಂಬುದು ಇನ್ನೊಂದು ಸ್ವಾರಸ್ಯದ ಸಂಗತಿ, ಅದಿರಲಿ. ರಕ್ತನಾಳಗಳನ್ನು ಬಿಗಿಯುವ ಒಂದು ವಸ್ತು ತಯಾರಾಗದಂತೆ ಈ ಗುಳಿಗೆಗಳು ಒಂದು ಕಿಣ್ವಕ್ಕೆ ಅಡ್ಡಗಾಲು ಹಾಕುತ್ತವೆ. ಅದೇ ಕಿಣ್ವಕ್ಕೆ ದೇಹದಲ್ಲಿ ಇನ್ನೊಂದು ಕೆಲಸವೂ ಇದೆ: ಬ್ರಾಡಿಕೈನಿನ್ ಎಂಬ ವಸ್ತುವನ್ನು ಒಡೆದು ಹಾಕುವುದು. ಆ ಕೆಲಸವೂ ನಿಂತಾಗ ಅದು ಉಸಿರಿನ ದಾರಿಯಲ್ಲಿ ಉಳಿದು, ಕೆಲವರಲ್ಲಿ ಕೆಮ್ಮು ಎಬ್ಬಿಸುತ್ತದೆ ಎಂದು ವೈದ್ಯರು ವಿವರಿಸುತ್ತಾರೆ. ಸ್ಥೂಲವಾಗಿ ಹತ್ತು ಜನರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಹತ್ತರಲ್ಲಿ ಒಬ್ಬರು ಎಂದರೆ ಕಡಿಮೆಯಲ್ಲ. ಆದರೂ ೧೯೮೦ರ ದಶಕದ ಆರಂಭದಲ್ಲಿ ಪೇಟೆಗೆ ಬಂದ ಈ ಗುಳಿಗೆಗಳ ಜೊತೆಗೆ ಕೆಮ್ಮು ಬರುತ್ತದೆಂಬುದು ಸರಿಯಾಗಿ ಗಮನಕ್ಕೆ ಬಂದದ್ದು ಕೆಲವು ವರ್ಷ ಕಳೆದ ಮೇಲೆ. ಕೆಮ್ಮು ಯಾರಿಗೆ ತಾನೇ ಬರುವುದಿಲ್ಲ? ಎಲ್ಲರೂ ಅವರವರ ಊರಿನ ಧೂಳನ್ನು ಬೈಯುತ್ತಿದ್ದಿರಬೇಕು.

ಆ ಡಾಕ್ಟರಮ್ಮನಿಗೆ ಅದು ಹೇಗೆ ಗೊತ್ತಾಯಿತು? ಪುಸ್ತಕದಲ್ಲಿ ಓದಿದ್ದರು. ಪುಸ್ತಕಕ್ಕೆ ಹೇಗೆ ಬಂತು? ಎಲ್ಲಿಯೋ ಯಾರೋ ಒಬ್ಬ ವೈದ್ಯರು, ಎಲ್ಲಿಯೋ ಕೆಮ್ಮುತ್ತಿದ್ದ ಒಬ್ಬ ರೋಗಿಯನ್ನು ಕಂಡು, ಇದು ಗುಳಿಗೆಯಿಂದಲೇ ಇರಬಹುದೇ ಎಂದು ಅನುಮಾನಪಟ್ಟು, ಅದನ್ನು ಬರೆದು ಕಳಿಸಿದ್ದರಿಂದ.

ಒಂದು ಮನೆಯಲ್ಲಿ ಒಬ್ಬರಿಗೆ ಭೇದಿಯಾದರೆ ನಾವು ನಿನ್ನೆಯ ಊಟವನ್ನು ದೂರುತ್ತೇವೆ. ಒಂದೇ ನಲ್ಲಿಯ ನೀರು ಕುಡಿಯುವ ಹತ್ತು ಮನೆಗಳಲ್ಲಿ ಆದರೆ ನಲ್ಲಿಯ ಕಡೆ ನೋಡುತ್ತೇವೆ. ಆದರೆ ಆ ಹತ್ತು ಮನೆಯವರು ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ ಇದ್ದರೆ? ಒಂದು ಮನೆ ಬೆಂಗಳೂರಿನಲ್ಲಿ, ಒಂದು ಬೀದರಿನಲ್ಲಿ, ಇನ್ನೊಂದು ದೂರದ ನ್ಯೂಜಿಲೆಂಡಿನಲ್ಲಿ ಇದ್ದರೆ? ಆಗ ಹತ್ತೂ ಮನೆಗಳು ತಮ್ಮ ತಮ್ಮ ಊಟವನ್ನೇ ದೂರುತ್ತಾ ಕುಳಿತಿರುತ್ತವೆ. ಔಷಧಗಳ ಮೇಲೆ ಸರ್ಕಾರ ಇಡುವ ಕಣ್ಣೆಂದರೆ ಮುಖ್ಯವಾಗಿ ಇಷ್ಟೇ: ಹತ್ತು ಮನೆಗಳ ಮಾತು ಒಂದು ಕಡೆ ಸೇರುವಂತೆ ಮಾಡುವುದು.

"ಮಾರುವ ಮೊದಲೇ ಪರೀಕ್ಷೆ ಮಾಡಬಾರದೇ?" ಎಂದು ನೀವು ಕೇಳಬಹುದು. ಮಾಡುತ್ತಾರೆ. ಮೊದಲು ಪ್ರಾಣಿಗಳ ಮೇಲೆ, ಆಮೇಲೆ ಕೆಲವೇ ಆರೋಗ್ಯವಂತರ ಮೇಲೆ, ಆಮೇಲೆ ರೋಗಿಗಳ ಮೇಲೆ. ಆದರೆ ಪೇಟೆಗೆ ಬರುವ ಮುಂಚೆ ಒಂದು ಔಷಧವನ್ನು ಸೇವಿಸಿದವರ ಸಂಖ್ಯೆ ಸಾಮಾನ್ಯವಾಗಿ ಕೆಲವು ಸಾವಿರವನ್ನು ಮೀರುವುದಿಲ್ಲ. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಹತ್ತು ಸಾವಿರದಲ್ಲಿ ಒಬ್ಬರಿಗೆ ಮಾತ್ರ ಆಗುವ ಒಂದು ತೊಂದರೆ ಇದೆ ಎಂದಿಟ್ಟುಕೊಳ್ಳಿ. ಅದನ್ನು ಒಂದೇ ಒಂದು ಸಲವಾದರೂ ಕಾಣುತ್ತೇವೆ ಎಂದು ನೂರಕ್ಕೆ ೯೫ ಪಾಲು ಭರವಸೆಯಿಂದ ಹೇಳಬೇಕಾದರೆ ೩೦,೦೦೦ ಜನರಿಗೆ ಆ ಔಷಧ ಕೊಟ್ಟು ನೋಡಬೇಕು. ಮೂರು ಸಾವಿರ ಜನರ ಪರೀಕ್ಷೆಯಲ್ಲಿ ಅದು ಕಾಣದೆ ಹೋದರೆ ಆಶ್ಚರ್ಯವಿಲ್ಲ, ಕಂಡರೆ ಆಶ್ಚರ್ಯ. ವಿಷಮಶೀತ ಜ್ವರದಿಂದ ಅಸಂಖ್ಯಾತ ಜೀವಗಳನ್ನು ಉಳಿಸಿದ ಕ್ಲೋರಾಂಫೆನಿಕಾಲ್ ಎಂಬ ಔಷಧ ಕೆಲವು ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಮೂಳೆಯೊಳಗಿನ ರಕ್ತ ಹುಟ್ಟುವ ಮಜ್ಜೆಯನ್ನೇ ಬತ್ತಿಸುತ್ತದೆ ಎಂಬುದು, ಅದು ಲಕ್ಷಾಂತರ ಜನರ ಕೈಸೇರಿದ ಮೇಲಲ್ಲದೆ ತಿಳಿಯುವಂತಿರಲಿಲ್ಲ.

ಮತ್ತೂ ಒಂದು ಮಾತು. ಪರೀಕ್ಷೆಗೆ ಆರಿಸುವುದು ಎಂಥವರನ್ನು? ಬಹುಮಟ್ಟಿಗೆ ಒಂದೇ ಕಾಯಿಲೆ ಇರುವವರನ್ನು, ತೀರ ಮುದುಕರಲ್ಲದವರನ್ನು, ಬಸುರಿಯರಲ್ಲದವರನ್ನು. ನಮ್ಮ ಅತ್ತೆಯಂತೆ ಐದು ಬಗೆಯ ಗುಳಿಗೆಯ ಜೊತೆಗೆ ಒಂದು ಲೇಹ್ಯವನ್ನೂ ಸೇರಿಸಿಕೊಳ್ಳುವವರು ಆ ಪರೀಕ್ಷೆಯಲ್ಲಿ ಇರುವುದೇ ಇಲ್ಲ. ಪೇಟೆಯಲ್ಲಿ ಮಾತ್ರ ಅವರೇ ಹೆಚ್ಚು.

ಈ ಪಾಠವನ್ನು ಲೋಕ ಬಹಳ ದೊಡ್ಡ ಬೆಲೆ ಕೊಟ್ಟು ಕಲಿಯಿತು. ಜರ್ಮನಿಯಲ್ಲಿ ೧೯೫೭ರ ಅಕ್ಟೋಬರಿನಲ್ಲಿ ಥಾಲಿಡೊಮೈಡ್ ಎಂಬ ನಿದ್ದೆಯ ಮಾತ್ರೆ ಮಾರಾಟಕ್ಕೆ ಬಂತು. ಎಷ್ಟು ನುಂಗಿದರೂ ಪ್ರಾಣಾಪಾಯವಿಲ್ಲವೆಂದು ಅದಕ್ಕೆ ಹೆಸರು; ಡಾಕ್ಟರರ ಚೀಟಿಯೂ ಇಲ್ಲದೆ ಅಂಗಡಿಯಲ್ಲಿ ಸಿಗುತ್ತಿತ್ತು. ಬಸುರಿಯರ ಬೆಳಗಿನ ವಾಕರಿಕೆಗೂ ಅದನ್ನು ಕೊಡತೊಡಗಿದರು. ಅನೇಕ ದೇಶಗಳಿಗೆ ಹರಡಿತು. ಮಾರಾಟಕ್ಕೆ ಬರುವ ಮೊದಲೇ, ೧೯೫೬ರ ಡಿಸೆಂಬರ್ ೨೫ರಂದು, ಅದನ್ನು ತಯಾರಿಸುತ್ತಿದ್ದ ಕಂಪನಿಯ ನೌಕರನೊಬ್ಬನ ಮನೆಯಲ್ಲಿ ಕಿವಿಗಳಿಲ್ಲದ ಮಗುವೊಂದು ಹುಟ್ಟಿತ್ತು. ಅದು ಒಂದು ಮನೆಯ ದುಃಖವಾಗಿ ಉಳಿಯಿತು. ಗುಳಿಗೆಯೊಂದಿಗೆ ಅದನ್ನು ಯಾರೂ ಜೋಡಿಸಿ ನೋಡಲಿಲ್ಲ.

ಮುಂದಿನ ವರ್ಷಗಳಲ್ಲಿ ಕೈಕಾಲು ಬೆಳೆಯದ, ಹೆಗಲಿನಿಂದಲೇ ಬೆರಳು ಹೊರಟಂಥ ಶಿಶುಗಳು ಹುಟ್ಟತೊಡಗಿದವು. ಒಂದೊಂದು ಆಸ್ಪತ್ರೆಗೂ ಒಂದೆರಡು. ಪ್ರತಿಯೊಬ್ಬ ತಾಯಿಗೂ ಇದು ತನ್ನೊಬ್ಬಳಿಗೇ ಬಂದ ಗತಿ ಎಂಬ ಭಾವನೆ. ಹ್ಯಾಂಬರ್ಗ್ ನಗರದ ಮಕ್ಕಳ ವೈದ್ಯ ವಿಡುಕಿಂಟ್ ಲೆಂಟ್ಸ್ ಎಂಬವರು ಅಂಥ ತಾಯಂದಿರನ್ನು ಕಂಡು, ಬಸುರಿನಲ್ಲಿ ಏನೇನು ಸೇವಿಸಿದಿರಿ ಎಂದು ವಿಚಾರಿಸುತ್ತಾ ಹೋದರು. ಅದೇ ಕಾಲಕ್ಕೆ ಭೂಗೋಳದ ಇನ್ನೊಂದು ಮಗ್ಗುಲಲ್ಲಿ, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ, ವಿಲಿಯಂ ಮೆಕ್‌ಬ್ರೈಡ್ ಎಂಬ ಹೆರಿಗೆ ವೈದ್ಯರಿಗೂ ಅದೇ ಅನುಮಾನ ಹುಟ್ಟಿತು. ಲೆಂಟ್ಸ್ ಅವರು ೧೯೬೧ರ ನವೆಂಬರಿನಲ್ಲಿ ತಮ್ಮ ಅನುಮಾನವನ್ನು ಕಂಪನಿಗೆ ತಿಳಿಸಿದರು, ವೈದ್ಯರ ಸಭೆಯಲ್ಲಿಯೂ ಹೇಳಿದರು. ಆ ತಿಂಗಳ ಕೊನೆಗೆ ಜರ್ಮನಿಯಲ್ಲಿ ಮಾತ್ರೆಯ ಮಾರಾಟ ನಿಂತಿತು. ಮೆಕ್‌ಬ್ರೈಡ್ ಅವರ ಪುಟ್ಟ ಕಾಗದ ಡಿಸೆಂಬರಿನಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚಾಯಿತು. ಅಷ್ಟು ಹೊತ್ತಿಗೆ ನಾಲ್ಕು ವರ್ಷಗಳು ಕಳೆದಿದ್ದವು. ಲೋಕದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಹೀಗೆ ಹುಟ್ಟಿದರೆಂದು ಅಂದಾಜು. ಅವರಲ್ಲಿ ಬಹಳ ಮಂದಿ ಎಳವೆಯಲ್ಲಿಯೇ ತೀರಿಕೊಂಡರು.

ಅಮೆರಿಕದ ಪೇಟೆಗೆ ಮಾತ್ರ ಆ ಮಾತ್ರೆ ಬರಲಿಲ್ಲ. ಅಲ್ಲಿನ ಸರ್ಕಾರದ ಔಷಧ ಇಲಾಖೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳೆಯ ಮೇಜಿಗೆ ೧೯೬೦ರಲ್ಲಿ ಅದರ ಅರ್ಜಿ ಬಂತು. ಆಗಿನ ಕಾನೂನಿನಂತೆ ೬೦ ದಿನಗಳೊಳಗೆ ಆಕ್ಷೇಪ ಎತ್ತದಿದ್ದರೆ ಅಪ್ಪಣೆ ತಾನಾಗಿಯೇ ಸಿಕ್ಕಿದಂತೆ. ಆಕೆ ಪ್ರತಿ ಸಲವೂ ಇನ್ನಷ್ಟು ವಿವರ ಬೇಕೆಂದು ಅರ್ಜಿಯನ್ನು ಹಿಂದಿರುಗಿಸಿದರು. ಅವರ ಅನುಮಾನಕ್ಕೆ ಬಲ ಕೊಟ್ಟದ್ದು ಸ್ಕಾಟ್ಲೆಂಡಿನ ಒಬ್ಬ ವೈದ್ಯರು ಬ್ರಿಟಿಷ್ ವೈದ್ಯಕೀಯ ಪತ್ರಿಕೆಗೆ ಬರೆದಿದ್ದ ಒಂದು ಕಾಗದ: ಬಹಳ ದಿನ ಈ ಮಾತ್ರೆ ನುಂಗಿದ ತಮ್ಮ ಕೆಲವು ರೋಗಿಗಳಿಗೆ ಕೈಕಾಲು ಜೋಮು ಹಿಡಿಯುತ್ತಿದೆ, ಇದಕ್ಕೆ ಆ ಮಾತ್ರೆ ಕಾರಣವಿರಬಹುದೇ, ಎಂದು. ಮಕ್ಕಳ ಸುದ್ದಿ ಆಗ ಯಾರಿಗೂ ಗೊತ್ತಿಲ್ಲ. ಬರೀ ಜೋಮಿನ ಸುದ್ದಿ. ಅದೂ ಅನುಮಾನದ ರೂಪದಲ್ಲಿ. ಅಷ್ಟು ಸಾಕಾಯಿತು.

(ಅದೇ ಥಾಲಿಡೊಮೈಡ್ ಇಂದು ಕುಷ್ಠರೋಗದಲ್ಲಿ ಬರುವ ಒಂದು ಬಗೆಯ ನೋವಿನ ಗಂಟುಗಳಿಗೂ, ಮಜ್ಜೆಯ ಒಂದು ಬಗೆಯ ಕ್ಯಾನ್ಸರಿಗೂ ಬಹಳ ಬಿಗಿಯಾದ ಕಟ್ಟುಪಾಡಿನಲ್ಲಿ ಬಳಕೆಯಾಗುತ್ತಿದೆ. ಔಷಧ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಯಾರಿಗೆ, ಯಾವಾಗ, ಎಷ್ಟು ಎಂದು ಕೇಳಬೇಕು.)

ಈ ದುರಂತದ ಮೇಲೆ ಸರ್ಕಾರಗಳು ಎಚ್ಚೆತ್ತವು. ಅಮೆರಿಕದಲ್ಲಿ ೧೯೬೨ರಲ್ಲಿ ಕಾನೂನು ಬಿಗಿಯಾಯಿತು. ಬ್ರಿಟನ್ನಿನಲ್ಲಿ ೧೯೬೩ರಲ್ಲಿ ಸರ್ ಡೆರಿಕ್ ಡನ್‌ಲಪ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಏರ್ಪಟ್ಟಿತು. ಮರುವರ್ಷ ಆ ಸಮಿತಿ ದೇಶದ ಡಾಕ್ಟರರಿಗೆಲ್ಲ ಹಳದಿ ಬಣ್ಣದ ಒಂದು ಕಾರ್ಡನ್ನು ಹಂಚಿತು. ಯಾವುದೇ ಔಷಧದಿಂದ ತೊಂದರೆಯಾಯಿತೆಂದು ಅನುಮಾನ ಬಂದರೆ ಈ ಕಾರ್ಡಿನಲ್ಲಿ ನಾಲ್ಕು ಸಾಲು ಬರೆದು ಅಂಚೆಗೆ ಹಾಕಿ, ಅಂಚೆಯ ಖರ್ಚು ನಮ್ಮದು, ರುಜುವಾತು ಬೇಕಾಗಿಲ್ಲ, ಇದು ಗುಟ್ಟಾಗಿಯೇ ಇರುತ್ತದೆ. ಹಳದಿಯೇ ಏಕೆ ಎಂದರೆ, ಆಗ ಕಚೇರಿಯಲ್ಲಿ ಹಳದಿ ಕಾಗದ ಬೇಕಾದಷ್ಟು ಮಿಕ್ಕಿತ್ತಂತೆ, ಎಂದು ಹೇಳುವುದುಂಟು. ಆ 'ಹಳದಿ ಚೀಟಿ' ಪದ್ಧತಿ ಇಂದಿಗೂ ನಡೆದಿದೆ. ೨೦೦೫ರಿಂದ ಡಾಕ್ಟರರಲ್ಲದೆ ರೋಗಿಗಳೂ ಅಲ್ಲಿ ನೇರವಾಗಿ ಬರೆಯಬಹುದಾಗಿದೆ.

ಇಷ್ಟು ಸರಳವಾದ ಕಾಗದದ ಚೂರಿನಿಂದ ಏನಾಗುತ್ತದೆ ಎಂಬುದಕ್ಕೆ ಎರಡು ನಿದರ್ಶನ ಕೊಡುತ್ತೇನೆ. ಒಂದು ಗೆಲುವಿನದು, ಒಂದು ಸೋಲಿನದು.

ಗರ್ಭನಿರೋಧಕ ಗುಳಿಗೆಗಳು ೧೯೬೦ರ ದಶಕದಲ್ಲಿ ಹೊಸವು. ಅವನ್ನು ಸೇವಿಸುವ ಕೆಲವು ಎಳೆಯ ಹೆಂಗಸರಲ್ಲಿ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುತ್ತಿದೆ ಎಂದು ಹಳದಿ ಚೀಟಿಗಳು ಬರತೊಡಗಿದವು. ವಿಲಿಯಂ ಇನ್‌ಮನ್ ಎಂಬ ವೈದ್ಯರೂ ಅವರ ಸಂಗಡಿಗರೂ ಆ ಚೀಟಿಗಳನ್ನು, ಸ್ವೀಡನ್ ಮತ್ತು ಡೆನ್ಮಾರ್ಕಿನಿಂದ ಬಂದ ಅಂಥವೇ ವರದಿಗಳೊಂದಿಗೆ ಸೇರಿಸಿ ವಿಂಗಡಿಸಿದರು. ಗುಳಿಗೆಯಲ್ಲಿ ಈಸ್ಟ್ರೊಜೆನ್ ಎಂಬ ರಸದ ಪ್ರಮಾಣ ಹೆಚ್ಚಿದಷ್ಟೂ ಹೆಪ್ಪುಗಟ್ಟುವುದೂ ಹೆಚ್ಚು ಎಂಬುದು ಎದ್ದು ಕಂಡಿತು. ೧೯೬೯ರ ಡಿಸೆಂಬರಿನಲ್ಲಿ, ೫೦ ಮೈಕ್ರೊಗ್ರಾಂಗಿಂತ ಹೆಚ್ಚಿನ ಈಸ್ಟ್ರೊಜೆನ್ ಇರುವ ಗುಳಿಗೆಗಳನ್ನು ಬರೆಯಬಾರದೆಂದು ಸಮಿತಿ ಸಲಹೆ ಕೊಟ್ಟಿತು. ಗುಳಿಗೆಯನ್ನು ನಿಲ್ಲಿಸಬೇಕಾಗಿ ಬರಲಿಲ್ಲ. ಪ್ರಮಾಣ ಇಳಿಸಿದರೆ ಸಾಕಾಯಿತು.

ಸೋಲಿನ ಕಥೆ ಪ್ರಾಕ್ಟೊಲಾಲ್ ಎಂಬ ಹೃದಯದ ಔಷಧದ್ದು. ೧೯೭೦ರಲ್ಲಿ ಬಂತು, ಬಹಳ ಜನ ಸೇವಿಸಿದರು. ಕೆಲವರಿಗೆ ಕಣ್ಣು ಒಣಗುತ್ತಿತ್ತು, ಉರಿಯುತ್ತಿತ್ತು, ಚರ್ಮ ಕೆರೆಯುತ್ತಿತ್ತು. ಕಣ್ಣುರಿಗೆ ಕಣ್ಣಿನ ಡಾಕ್ಟರು, ಕೆರೆತಕ್ಕೆ ಚರ್ಮದ ಡಾಕ್ಟರು, ಎದೆಗೆ ಎದೆಯ ಡಾಕ್ಟರು. ಹಳದಿ ಚೀಟಿ ಎಲ್ಲರ ಮೇಜಿನ ಮೇಲೂ ಇತ್ತು. ಕಣ್ಣುರಿಯಂಥ ಸಾಮಾನ್ಯ ಸಂಗತಿಯನ್ನು ಏನೆಂದು ಬರೆಯುವುದು ಎಂದು ಹೆಚ್ಚುಕಡಿಮೆ ಯಾರೂ ಬರೆಯಲಿಲ್ಲ. ೧೯೭೪-೭೫ರಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ಈ ವಿಷಯ ಅಚ್ಚಾದ ಕೂಡಲೇ ಚೀಟಿಗಳು ರಾಶಿ ರಾಶಿಯಾಗಿ ಬಂದು ಬಿದ್ದವು: ನನ್ನ ರೋಗಿಗೂ ಹೀಗೇ ಆಗಿತ್ತು, ನನ್ನ ರೋಗಿಗೂ. ಅಷ್ಟರಲ್ಲಿ ಕೆಲವರ ಕಣ್ಣು ಹೋಗಿತ್ತು. ಥಾಲಿಡೊಮೈಡಿನ ಕಾಲದಲ್ಲಿ ಬರೆಯಲು ಜಾಗವಿರಲಿಲ್ಲ. ಇಲ್ಲಿ ಜಾಗವಿತ್ತು, ಬರೆಯುವವರಿರಲಿಲ್ಲ. ಹನ್ನೆರಡು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೦೬ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಇಂಥ ತೊಂದರೆಗಳಲ್ಲಿ ನೂರಕ್ಕೆ ಸುಮಾರು ೯೪ ಎಲ್ಲಿಯೂ ವರದಿಯಾಗುವುದೇ ಇಲ್ಲ. ನನಗೆ ಈ ಒಂದು ಅಂಕಿ ಥಾಲಿಡೊಮೈಡಿನ ಅಂಕಿಗಿಂತಲೂ ಹೆಚ್ಚು ಕಳವಳ ತರುತ್ತದೆ.

ಒಂದೇ ದೇಶದ ಚೀಟಿಗಳು ಸಾಲವೆಂದು ವಿಶ್ವ ಆರೋಗ್ಯ ಸಂಸ್ಥೆ ೧೯೬೮ರಲ್ಲಿ ಹತ್ತು ದೇಶಗಳನ್ನು ಕೂಡಿಸಿ ಒಂದು ವ್ಯವಸ್ಥೆ ಆರಂಭಿಸಿತು. ೧೯೭೮ರಿಂದ ಅದರ ಕಚೇರಿ ಸ್ವೀಡನ್ನಿನ ಉಪ್ಸಲಾ ನಗರದಲ್ಲಿದೆ. ಇಂದು ನೂರೈವತ್ತಕ್ಕೂ ಹೆಚ್ಚು ದೇಶಗಳ ವರದಿಗಳು ಅಲ್ಲಿಗೆ ಹೋಗಿ ಸೇರುತ್ತವೆ. ಒಟ್ಟು ಸಂಖ್ಯೆ ಮೂರು ಕೋಟಿಯನ್ನು ದಾಟಿದೆ.

ಇನ್ನು ನಮ್ಮ ದೇಶಕ್ಕೆ ಬರೋಣ. ಔಷಧಗಳ ತಯಾರಿಕೆ ಮಾರಾಟಗಳ ಮೇಲಿನ ನಮ್ಮ ಕಾಯಿದೆ ೧೯೪೦ರಷ್ಟು ಹಳೆಯದು. ಆದರೆ ಮಾರಾಟವಾದ ಮೇಲೆ ಏನಾಯಿತೆಂದು ಕ್ರಮವಾಗಿ ವಿಚಾರಿಸುವ ಏರ್ಪಾಡು ಬಹಳ ತಡವಾಗಿ ಬಂತು. ನಡುವೆ ಒಂದೆರಡು ಪ್ರಯತ್ನಗಳು ನಡೆದು, ಕುಂಟಿ, ನಿಂತವು. ಈಗ ಇರುವ ಭಾರತೀಯ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ೨೦೧೦ರ ಜುಲೈ ತಿಂಗಳಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾಯಿತು. ಮರುವರ್ಷ ಅದರ ಮುಖ್ಯ ಕಚೇರಿ ಗಾಜಿಯಾಬಾದಿನಲ್ಲಿರುವ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ನಿಗೆ ಹೋಯಿತು. ಫಾರ್ಮಕೋವಿಜಿಲೆನ್ಸ್ ಎಂಬುದು ನಾಲಗೆಗೆ ತೊಡಕಾದ ಮಾತು. ಮದ್ದಿನ ಕಾವಲು ಎಂದರೆ ಅರ್ಥವಾಯಿತು. ಮೊದಲ ವರ್ಷ ೨೨ ಆಸ್ಪತ್ರೆಗಳಲ್ಲಿದ್ದ ಕಾವಲು ಕೇಂದ್ರಗಳು ಈಗ ದೇಶದಾದ್ಯಂತ ನೂರಾರು ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆಗಳಲ್ಲಿವೆ. ನಮ್ಮ ನಾಡಿನಲ್ಲಿ ಮೈಸೂರಿನ ಜೆ.ಎಸ್.ಎಸ್. ಆಸ್ಪತ್ರೆ ಈ ಕೆಲಸದಲ್ಲಿ ಮೊದಲಿನಿಂದ ಹೆಸರು ಮಾಡಿದೆ. ದಕ್ಷಿಣದ ಕೇಂದ್ರಗಳಿಗೆ ತರಬೇತಿ ಕೊಡುವ ಹೊಣೆಯನ್ನೂ ಹೊತ್ತಿದೆ.

ಒಂದು ವರದಿ ನಡೆಯುವ ದಾರಿ ಹೀಗೆ. ಆಸ್ಪತ್ರೆಯ ಕೇಂದ್ರದಲ್ಲಿ ಅದನ್ನು ಓದಿ ತೂಗುತ್ತಾರೆ. ಗುಳಿಗೆ ಮೊದಲೋ ತೊಂದರೆ ಮೊದಲೋ? ನಿಲ್ಲಿಸಿದಾಗ ಕಡಿಮೆಯಾಯಿತೇ? ರೋಗಿಯ ಮೂಲ ಕಾಯಿಲೆಯಿಂದಲೇ ಹೀಗಾಗಿರಬಹುದೇ? ಇವನ್ನೆಲ್ಲ ನೋಡಿ 'ಖಚಿತ', 'ಸಂಭವವಿದೆ', 'ಇರಬಹುದು' ಎಂಬಂಥ ಒಂದು ದರ್ಜೆ ಕೊಟ್ಟು ಗಾಜಿಯಾಬಾದಿಗೆ ಕಳಿಸುತ್ತಾರೆ. ಅಲ್ಲಿಂದ ಉಪ್ಸಲಾದ ಭಂಡಾರಕ್ಕೂ ಹೋಗುತ್ತದೆ. ಅಲ್ಲಿ ಗಣಕಯಂತ್ರ ಮಾಡುವುದು ನಲ್ಲಿಯ ಲೆಕ್ಕವನ್ನೇ: ಬೇರೆ ಎಲ್ಲ ಔಷಧಗಳ ವರದಿಗಳಲ್ಲಿ ನೂರಕ್ಕೆ ಎರಡು ಮಾತ್ರ ಮೈದದ್ದಿನವಾಗಿದ್ದು, ಈ ಒಂದು ಔಷಧದ ವರದಿಗಳಲ್ಲಿ ನೂರಕ್ಕೆ ಹತ್ತು ಮೈದದ್ದಿನವಾಗಿದ್ದರೆ, ಇಲ್ಲಿ ಏನೋ ಇದೆ ಎಂದು ಬೆರಳು ತೋರಿಸುವುದು. ಬೆರಳು ತೋರಿಸಿದ ಮಾತ್ರಕ್ಕೆ ತೀರ್ಪಾಗಲಿಲ್ಲ. ತಜ್ಞರು ಕುಳಿತು ಒಂದೊಂದೇ ವರದಿಯನ್ನು ಬಿಡಿಸಿ ನೋಡುತ್ತಾರೆ. ಅವರಿಗೆ ಮನವರಿಕೆಯಾದರೆ, ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಗೆ ಶಿಫಾರಸು ಹೋಗುತ್ತದೆ: ಡಬ್ಬಿಯೊಳಗಿನ ಚೀಟಿಯಲ್ಲಿ ಎಚ್ಚರಿಕೆ ಸೇರಿಸಿ, ಮಕ್ಕಳಿಗೆ ಕೊಡದಂತೆ ಮಾಡಿ, ಅಥವಾ ನಿಲ್ಲಿಸಿಬಿಡಿ, ಎಂದು.

ಕಂಪನಿಗಳಿಗೂ ಬಿಡುವಿಲ್ಲ. ಹೊಸ ಔಷಧವೊಂದಕ್ಕೆ ಅಪ್ಪಣೆ ಪಡೆದವರು ಮೊದಲ ಎರಡು ವರ್ಷ ಆರು ತಿಂಗಳಿಗೊಮ್ಮೆ, ಆಮೇಲಿನ ಎರಡು ವರ್ಷ ವರ್ಷಕ್ಕೊಮ್ಮೆ, ಅದರ ಸುರಕ್ಷತೆಯ ಲೆಕ್ಕ ಒಪ್ಪಿಸತಕ್ಕದ್ದೆಂದು ನಿಯಮವಿದೆ.

ನಮ್ಮಲ್ಲಿ ಇದರಿಂದ ಏನಾದರೂ ನಡೆದಿದೆಯೇ? ನಡೆದಿದೆ. ಮುಟ್ಟಿನ ನೋವಿಗೆ, ಜ್ವರಕ್ಕೆ, ಚೀಟಿಯಿಲ್ಲದೆಯೇ ಕೇಳಿ ತರುವ ಮಾತ್ರೆಗಳಲ್ಲಿ ಮೆಫೆನಮಿಕ್ ಆಸಿಡ್ ಒಂದು. ನಿಮ್ಮ ಡಬ್ಬಿಯಲ್ಲಿಯೂ ಅದು ಯಾವುದಾದರೂ ಹೆಸರಿನಲ್ಲಿ ಇದ್ದೀತು. ಅದರಿಂದ ಬಹಳ ಅಪರೂಪವಾಗಿ, ಶುರುಮಾಡಿದ ಎರಡರಿಂದ ಎಂಟು ವಾರಗಳಲ್ಲಿ ಜ್ವರ, ಮೈತುಂಬ ದದ್ದು, ಗಂಟಲ ಕಂಕುಳ ಗ್ರಂಥಿಗಳ ಊತ, ಯಕೃತ್ತಿನ ಉರಿಯೂತ ಒಟ್ಟಿಗೆ ಬರಬಹುದೆಂದು ೨೦೨೩ರ ನವೆಂಬರ್ ೩೦ರಂದು ಕಮಿಷನ್ನಿನವರು ಎಚ್ಚರಿಕೆ ಹೊರಡಿಸಿದರು. ದೇಶದಲ್ಲಿ ಬಂದ ವರದಿಗಳನ್ನು ಪರಿಶೀಲಿಸಿಯೇ ಕೊಟ್ಟ ಎಚ್ಚರಿಕೆ ಅದು. ಅದಕ್ಕೂ ಹಿಂದೆ, ೨೦೧೧ರಲ್ಲಿ, ಯಕೃತ್ತಿಗೆ ಅಪಾಯವೆಂಬ ಆತಂಕದಿಂದ ನಿಮೆಸುಲೈಡ್ ಎಂಬ ಜ್ವರದ ಔಷಧವನ್ನು ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಸರ್ಕಾರ ನಿಷೇಧಿಸಿತು.

ಎಡವಿದ್ದೂ ಉಂಟು. ಸಕ್ಕರೆ ಕಾಯಿಲೆಗೆ ಕೊಡುವ ಪಯೊಗ್ಲಿಟಜೋನ್ ಎಂಬ ಗುಳಿಗೆಯಿಂದ ಮೂತ್ರಕೋಶದ ಕ್ಯಾನ್ಸರ್ ಬರಬಹುದೆಂಬ ಶಂಕೆಯಿಂದ ೨೦೧೩ರ ಜೂನಿನಲ್ಲಿ ಅದನ್ನು ಏಕಾಏಕಿ ನಿಲ್ಲಿಸಿದರು. ಜುಲೈ ಕೊನೆಗೆ, ಎಚ್ಚರಿಕೆಯ ಮಾತು 'ಲೇಬಲ್' ಮೇಲೆ ಇರತಕ್ಕದ್ದೆಂದು ಹೇಳಿ ಮತ್ತೆ ಬಿಟ್ಟರು. ನಡುವಿನ ಆ ಕೆಲವು ವಾರ ಅದನ್ನೇ ನಂಬಿದ್ದವರ ಗತಿ? ಶಂಕೆಪಟ್ಟದ್ದು ತಪ್ಪಲ್ಲ, ಶಂಕೆಯನ್ನು ಜನರಿಗೆ ತಿಳಿಸಿದ ರೀತಿ ಸರಿಯಿರಲಿಲ್ಲವೆಂದು ನನ್ನ ಅಭಿಪ್ರಾಯ.

ಈ ವಿಷಯದಲ್ಲಿ ಬ್ರಿಟನ್ನಿನವರೂ ಒಮ್ಮೆ ಎಡವಿದ್ದರು. ಕೆಲವು ಹೊಸ ಬಗೆಯ ಗರ್ಭನಿರೋಧಕ ಗುಳಿಗೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹಳೆಯವಕ್ಕಿಂತ ಸುಮಾರು ಎರಡರಷ್ಟು ಎಂದು ೧೯೯೫ರ ಅಕ್ಟೋಬರಿನಲ್ಲಿ ಅಲ್ಲಿ ಎಚ್ಚರಿಕೆ ಹೊರಟಿತು. ಎರಡರಷ್ಟು! ಪತ್ರಿಕೆಗಳು ಕೂಗಿದವು. ಅಂಕಿಗಳನ್ನು ನೋಡಿದರೆ, ಹಳೆಯ ಗುಳಿಗೆ ನುಂಗುವ ಒಂದು ಲಕ್ಷ ಹೆಂಗಸರಲ್ಲಿ ವರ್ಷಕ್ಕೆ ಸುಮಾರು ೧೫ ಮಂದಿಗೆ ಆಗುತ್ತಿದ್ದದ್ದು ಹೊಸದರಲ್ಲಿ ಸುಮಾರು ೨೫ ಮಂದಿಗೆ. ಬಸುರಿನಲ್ಲಿಯೇ ಅದು ಲಕ್ಷಕ್ಕೆ ಸುಮಾರು ೬೦. ಹೆದರಿದ ಹೆಂಗಸರು ಗುಳಿಗೆ ಬಿಸಾಡಿದರು. ಬೇಡದ ಬಸುರುಗಳೂ ಗರ್ಭಪಾತಗಳೂ ಮರುವರ್ಷ ಸಾವಿರಗಟ್ಟಲೆ ಹೆಚ್ಚಿದವು.

ಆದುದರಿಂದ ಈ ಲೇಖನವನ್ನು ಓದಿ ಯಾರೂ ತಮ್ಮ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸತಕ್ಕದ್ದಲ್ಲ. ಮೂರ್ಛೆರೋಗದ ಮಾತ್ರೆ, ರಕ್ತದ ಒತ್ತಡದ ಮಾತ್ರೆ, ಹೃದಯದ ಮಾತ್ರೆ ಇವನ್ನು ಹಠಾತ್ತಾಗಿ ಬಿಟ್ಟರೆ ಆಗುವ ಹಾನಿ ಕೆಮ್ಮಿಗಿಂತ ಎಷ್ಟೋ ಪಾಲು ದೊಡ್ಡದು. ಮೈತುಂಬ ದದ್ದೆದ್ದು ಬಾಯಿ ಕಣ್ಣು ಹುಣ್ಣಾದರೆ, ಮುಖ ನಾಲಗೆ ಊದಿಕೊಂಡರೆ, ಉಸಿರು ಕಟ್ಟಿದರೆ ಕಾಯಬೇಡಿ. ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿ. ಉಳಿದ ತೊಂದರೆಗಳಿಗೆ, ಬರೆದುಕೊಟ್ಟ ಡಾಕ್ಟರರನ್ನು ಕಂಡು, "ಈ ಮಾತ್ರೆ ಶುರುವಾದ ಮೇಲೆ ಹೀಗಾಗುತ್ತಿದೆ, ಇದರಿಂದಲೇ ಇರಬಹುದೇ?" ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಅತ್ತೆಯ ಕೆಮ್ಮಿನ ವಿಷಯವನ್ನು ನಾವು ಎಲ್ಲಿಗೂ ಬರೆಯಲಿಲ್ಲ. ಕೆಮ್ಮು ಹೋಯಿತಲ್ಲ, ಸಾಕು ಎಂದುಕೊಂಡೆವು. ಮನೆಯವರೂ ಬರೆಯಬಹುದೆಂದು ಆಗ ನಮಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ: ರೋಗಿಗಳಿಗಾಗಿಯೇ ಬೇರೆ ನಮೂನೆಯಿದೆ, ಅದು ಕನ್ನಡದಲ್ಲಿಯೂ ಇದೆ. ಕಾವಲು ಕೇಂದ್ರವಿರುವ ಆಸ್ಪತ್ರೆಯಲ್ಲಿ ಕೇಳಿದರೆ ಕೊಡುತ್ತಾರೆ. ಬರೆಯಲು ಆಗದವರು ೧೮೦೦-೧೮೦-೩೦೨೪ ಎಂಬ ಸಂಖ್ಯೆಗೆ ಕೆಲಸದ ದಿನಗಳಲ್ಲಿ ಫೋನು ಮಾಡಿ ಹೇಳಬಹುದು, ಅದಕ್ಕೆ ಖರ್ಚಿಲ್ಲ. ತೊಂದರೆ ಗೊತ್ತಿರುವಂಥದೇ ಆಗಿರಲಿ, ಹೊಸದೇ ಆಗಿರಲಿ, ಸಣ್ಣದೇ ಆಗಿರಲಿ, ತೆಗೆದುಕೊಳ್ಳುತ್ತಾರೆ. ರೋಗಿಯ ಹೆಸರು ಹೊರಬೀಳುವುದಿಲ್ಲ. ವರದಿ ಮಾಡಿದ್ದರಿಂದ ಡಾಕ್ಟರರ ಮೇಲಾಗಲಿ ಅಂಗಡಿಯವರ ಮೇಲಾಗಲಿ ತಪ್ಪು ಹೊರಿಸಿದಂತೆಯೂ ಆಗುವುದಿಲ್ಲ.

ಅವರು ಕೇಳುವುದು ಇಷ್ಟು: ಯಾರಿಗೆ, ವಯಸ್ಸೆಷ್ಟು, ಯಾವ ಔಷಧ, ಯಾವತ್ತಿನಿಂದ, ಏನಾಯಿತು, ಯಾವತ್ತು ಶುರುವಾಯಿತು, ಈಗ ಹೇಗಿದೆ, ಜೊತೆಯಲ್ಲಿ ಇನ್ನೇನು ಸೇವಿಸುತ್ತಿದ್ದಿರಿ. ಕೊನೆಯ ಪ್ರಶ್ನೆಗೆ ಉತ್ತರಿಸುವಾಗ ಲೇಹ್ಯ, ಕಷಾಯ, ನಾಟಿ ಔಷಧ ಯಾವುದನ್ನೂ ಮುಚ್ಚಿಡಬಾರದು. ಔಷಧದ ಬ್ಯಾಚ್ ಸಂಖ್ಯೆಗೂ ಒಂದು ಜಾಗವಿರುತ್ತದೆ. ಇಲ್ಲಿಯೇ ನಮ್ಮವರಿಗೆ ತೊಡಕು. ಅಂಗಡಿಯಲ್ಲಿ ನಾಲ್ಕು ಮಾತ್ರೆ ಸಾಕೆಂದರೆ ಹತ್ತರ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ಕೊಡುತ್ತಾರೆ. ಹೆಸರೂ ಸಂಖ್ಯೆಯೂ ಅಂಗಡಿಯಲ್ಲಿ ಉಳಿದ ತುಂಡಿನ ಕಡೆ ಹೋಗಿಬಿಡುತ್ತವೆ. ಹೆಸರಿರುವ ತುಂಡನ್ನೇ ಕೊಡಿರೆಂದು ಕೇಳಿ, ಇಲ್ಲವಾದರೆ ಬಿಲ್ಲು ಕೇಳಿ. ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ನಮೂದಾಗಿರುತ್ತದೆ. ಅದನ್ನು ಮಡಿಸಿ ಡಬ್ಬಿಯಲ್ಲಿಯೇ ಇಟ್ಟಿರಿ. ಅದೂ ಸಿಗದಿದ್ದರೆ ವರದಿಯನ್ನು ನಿಲ್ಲಿಸಬೇಕಾಗಿಲ್ಲ. ಆ ಒಂದು ಜಾಗವನ್ನು ಖಾಲಿ ಬಿಟ್ಟು ಉಳಿದದ್ದನ್ನು ತುಂಬಿ ಕಳಿಸಿದರಾಯಿತು.